ಮೂವತ್ತೊಂಬತ್ತು ಸುಳ್ಳು ವ್ಯಾಜ್ಯಗಳು

ಕಾನೂನು ಮತ್ತು ಸಮಾಜದ ಬಗ್ಗೆ ಪಿಎಚ್.ಡಿ. ಮಾಡಬೇಕೆಂದು ನಾನು ಅರ್ಜಿ ಬರೆದಾಗ, ಕೊಳ್ಳೇಗಾಲದ ನಮ್ಮ ಬೀದಿಯಲ್ಲಿ ನನ್ನಷ್ಟು ಹೆದರಿದ ಪ್ರಾಣಿ ಇನ್ನೊಂದಿರಲಿಲ್ಲ. ಕೋಳಿಯೂ ನನಗಿಂತ ಧೈರ್ಯವಾಗಿ ಓಡಾಡುತ್ತಿತ್ತು.

ಹೆದರಿಕೆಗೆ ಕಾರಣ ನಾನೇ. ನನ್ನ ವಿಷಯ, ಕೋರ್ಟಿನಲ್ಲಿ ಸಲೀಸಾಗಿ ಸುಳ್ಳು ಹೇಳುವವರು ನಮ್ಮ ಬೆಟ್ಟದ ದೇವರು ಮಾದಪ್ಪನ ಆಣೆ ಎಂದ ಕೂಡಲೇ ಏಕೆ ನಡುಗುತ್ತಾರೆ ಎಂಬುದು. ಇಂಥ ವ್ಯಾಜ್ಯ ಎಷ್ಟು ನೋಡಿದ್ದೀರಿ ಎಂದು ಅರ್ಜಿಯಲ್ಲಿ ಕೇಳಿದ್ದರು. ನಾನು ‘ನಲವತ್ತು’ ಎಂದು ಬರೆದೆ. ನೋಡಿದ್ದು ಒಂದೇ ಒಂದು.

ಅದೂ ಮಧುವನಹಳ್ಳಿಯಲ್ಲಿ. ಅಣ್ಣ ತಮ್ಮಂದಿರ ಗಡಿಕಲ್ಲಿನ ಜಗಳ. ಕಲ್ಲು ಮುಟ್ಟಿಯೇ ಇಲ್ಲವೆಂದು ಅಣ್ಣ ಕೋರ್ಟಿನಲ್ಲಿ ರೆಪ್ಪೆ ಬಡಿಯದೆ ಪ್ರಮಾಣ ಮಾಡಿದ್ದ. ಊರವರು ಉರಿವ ಕರ್ಪೂರ ಮುಂದಿಟ್ಟು “ಮಾದಪ್ಪನ ಮೇಲೆ ಆಣೆ ಮಡುಗಿ ನಿಜ ಏಳು” ಎಂದರು. ಅವನು ಬೆವೆತು, “ನಾನೇ ಕಣ್ರಪ್ಪ ಕಿತ್ತಾಕಿದ್ದು” ಎಂದುಬಿಟ್ಟ. ಇದನ್ನು ಗಂಭೀರವಾಗಿ ಬರೆದುಕೊಳ್ಳುತ್ತಿದ್ದ ನನ್ನ ಹತ್ತಿರ ಅವನ ತಮ್ಮ ಬಂದು, “ವಸಿ ಏಳಿ ಸಾ, ನೀವ್ ಕೂತಿರೋದೇ ಆ ಕಲ್ಲು” ಎಂದ.

ಅರ್ಜಿ ಅಂಚೆಗೆ ಹಾಕುವ ಕೊನೆಯ ದಿನ ಬೆಳಿಗ್ಗೆ ಅವ್ವ ದಾರಿಗೆ ಅಡ್ಡ ನಿಂತಳು. ನಮ್ಮ ಮನೆಯಲ್ಲಿ ನೇಯ್ದ ಸೀರೆ ಯಾವುದೂ ಸುಮ್ಮನೆ ಹೊಸ್ತಿಲು ದಾಟುವುದಿಲ್ಲ. ಮಾದಪ್ಪನ ಪಟದ ಮುಂದೆ ಇಟ್ಟು, ಅಪ್ಪ ಅದರ ಮೇಲೆ ಕೈಯಿಟ್ಟು ‘ಇದ್ರಲ್ಲಿ ಮೋಸ ಇಲ್ಲ ಮಾದಪ್ಪ’ ಎಂದ ಮೇಲೆಯೇ ಅಂಗಡಿಗೆ.

“ಇದು ಸೀರೆ ಅಲ್ಲ ಕಣವ್ವ, ಕಾಗ್ದ.”

“ನಿಮ್ಮಪ್ಪ ನೇಯ್ದಿದ್ರೆ ಮೋಸ ಇಲ್ಲ ಅಂತ ಅವ್ನು ಏಳ್ತಿದ್ದ. ನೀನ್ ನೇಯ್ದಿದ್ದು, ನೀನೇ ಏಳು.”

ಅರ್ಜಿಯ ಮೇಲೆ ಕೈಯಿಟ್ಟೆ. ‘ಇದ್ರಲ್ಲಿ ಮೋಸ’ ಎನ್ನುವವರೆಗೆ ಬಂದೆ, ‘ಇಲ್ಲ’ ಎಂಬುದು ಹೊರಡಲಿಲ್ಲ. ಇಂಗ್ಲಿಷಿನಲ್ಲಿ ಹೇಳಿದರೆ ಮಾದಪ್ಪನಿಗೆ ತಿಳಿಯಲಿಕ್ಕಿಲ್ಲ ಎಂದು ನನ್ನೊಳಗಿನ ಲಾಯರು ಪಿಸುಗುಟ್ಟಿದ. ಆದರೆ ಪಟದಲ್ಲಿ ಹುಲಿಯ ಮೇಲೆ ಕೂತವನು ನನ್ನನ್ನೇ ನೋಡುತ್ತಿದ್ದ. ಹುಲಿಯೂ ನೋಡುತ್ತಿತ್ತು.

“ಒಂದು ತಪ್ಪು ಅದೆ” ಎಂದೆ.

ಮಗ್ಗದ ಸದ್ದು ನಿಂತಿತು. ನೇಯಲು ಕೂರುವ ಗುಂಡಿಯೊಳಗಿಂದಲೇ ಅಪ್ಪ ಕೇಳಿದ: “ಏನ್ಲಾ ಅದು?”

“ನಲವತ್ತು ವ್ಯಾಜ್ಯ ನೋಡಿವ್ನಿ ಅಂತ ಬರ್ದಿದೀನಿ.”

“ನೋಡಿರದು?”

“ಒಂದು.”

“ಮೂವತ್ತೊಂಬತ್ತು ಯಾವ ಮಗ್ಗದಲ್ಲಿ ನೇಯ್ದೆ ಲೇ?”

ನಗಲು ನನಗೆ ಶಕ್ತಿಯಿರಲಿಲ್ಲ. ತಿದ್ದಿದ ಅರ್ಜಿಯನ್ನು ತಿರಸ್ಕರಿಸಲಾಗುವುದು ಎಂದು ಅದರ ತಳದಲ್ಲೇ ಅಚ್ಚು ಮಾಡಿದ್ದರು. ಬೇರೆ ಅರ್ಜಿ ತರಿಸಲು ದಿನವಿರಲಿಲ್ಲ. ತಿದ್ದಿದರೆ ಪಿಎಚ್.ಡಿ. ಹೋಯಿತು. ತಿದ್ದದಿದ್ದರೆ ಹುಲಿ. ಪೆನ್ನು ತೆಗೆದು ನಲವತ್ತನ್ನು ಹೊಡೆದುಹಾಕಿ, ಒಂದು ಎಂದು ಬರೆದು, ಪಕ್ಕದಲ್ಲಿ ರುಜು ಹಾಕಿದೆ. ಅವಸರದಲ್ಲಿ ಮಸಿ ಬಿದ್ದು, ಆ ಜಾಗ ಎಮ್ಮೆ ತುಳಿದ ಹಾಗಾಯಿತು. ಮತ್ತೆ ಕೈಯಿಟ್ಟು ಹೇಳಬೇಕಾದ್ದು ಹೇಳಿದೆ. ಈ ಸಲ ದನಿ ಹೊರಟಿತು.

ಅಂಚೆಗೆ ಹಾಕಿ ಬಂದ ಮೇಲೆ ತಿಂಗಳುಗಟ್ಟಲೆ, ಪೋಸ್ಟ್‌ಮನ್ ಬಂದರೆ ಕಕ್ಕಸಿಗೆ ಓಡುತ್ತಿದ್ದೆ. ಕೊನೆಗೆ ಬಂದದ್ದು ಸಂದರ್ಶನದ ಕರೆ.

ಮೈಸೂರಿನಲ್ಲಿ ಮೇಜಿನಾಚೆ ಕೂತಿದ್ದ ಹಿರಿಯ ಮೇಷ್ಟ್ರು ಕನ್ನಡಕ ಸರಿಮಾಡಿ, ಆ ಮಸಿಯ ಮೇಲೇ ಬೆರಳಿಟ್ಟರು.

“ಏನ್ರೀ ಇದು? ತಿದ್ದಬಾರದು ಅಂತ ಓದಲಿಲ್ವಾ? ಅದನ್ನ ಕೇಳೋಕೇ ಕರೆಸಿದ್ದು.”

ಸುಳ್ಳು ಕಟ್ಟಲು ಹೋದರೆ ಪಟವೇ ಕಣ್ಣೆದುರು. ಸೀರೆ, ಅವ್ವ, ಹುಲಿ ಎಲ್ಲವನ್ನೂ ಒಂದೇ ಉಸಿರಿನಲ್ಲಿ ಒದರಿದೆ. ಅವರು ನಗಲಿಲ್ಲ. ಮೇಜಿನ ಮೇಲಿದ್ದ ಪೆನ್ನನ್ನು ನನ್ನತ್ತ ತಳ್ಳಿದರು.

“ಎರಡು ಅಂತ ಬರೆದುಕೊಳ್ಳಿ” ಎಂದರು. “ನಿಮ್ಮದೂ ಸೇರಿತು. ಉಳಿದ ಮೂವತ್ತೆಂಟನ್ನ ಹೋಗಿ ನೋಡ್ಕೊಂಡು ಬನ್ನಿ.”

ಹಾಗೆ ಸೀಟು ಸಿಕ್ಕಿತು. ಈಗ ಹನೂರಿನ ಕಡೆಯ ಊರುಗಳಲ್ಲಿ ಅಲೆಯುತ್ತಿದ್ದೇನೆ. ಕೂರುವ ಮೊದಲು ‘ಈ ಕಲ್ಲು ಯಾರದು?’ ಎಂದು ಕೇಳುತ್ತೇನೆ.