ಜಪಾನ್ ಶಾವಿಗೆಯಲ್ಲಿ ಹುಳ ಇರಲಿಲ್ಲ

ರತ್ನಕ್ಕಾ, ನಿಮ್ಮ ಸಾರಿನಲ್ಲಿ ಹುಳ ಇರಲಿಲ್ಲ. ಇದೆ ಎಂದು ಊರಿಗೆಲ್ಲ ಹಬ್ಬಿಸಿದವಳು ನಾನು — ಶಾರದಾ, ದಿನಾ ಮಧ್ಯಾಹ್ನ ನಿಮ್ಮ ಬೆಂಚಿನ ಮೇಲೆ ಕೂತು ಉಂಡವಳು. ಇಷ್ಟು ಬರೆಯುವುದಕ್ಕೆ ಮುಕ್ಕಾಲು ಆಯುಷ್ಯ ಹಿಡಿಯಿತು. ಬರೆದ ಮೇಲೂ ಹಗುರವಾಗಲಿಲ್ಲ. ಬಾಯಲ್ಲಿ ಕಹಿ ನೀರು ಬರುತ್ತಿದೆ, ಅಷ್ಟೇ.

ಎಂಬತ್ತರ ದಶಕದ ಮೊದಲ ವರ್ಷಗಳು. ಕೋಲಾರದಲ್ಲಿ ಗೂಡಿನಿಂದ ರೇಷ್ಮೆ ನೂಲು ತೆಗೆಯುವ ಕಾರ್ಖಾನೆಯೊಂದರಲ್ಲಿ ನಾನು ಮೇಲ್ವಿಚಾರಕಿ. ಗೂಡು ಬೇಯಿಸುವ ನೀರಿನ ಆವಿ, ನೂಲು ಬಿಚ್ಚಿದ ಮೇಲೆ ತಳದಲ್ಲಿ ಉಳಿಯುವ ಕಂದು ಹುಳಗಳ ರಾಶಿ — ಆ ನಾತ ಸೀರೆಗೆ, ಜಡೆಗೆ, ಉಗುರಿನ ಸಂದಿಗೆ ಹತ್ತಿಕೊಂಡಿರುತ್ತಿತ್ತು. ಎಷ್ಟು ಸೀಗೆಪುಡಿ ಹಾಕಿ ಉಜ್ಜಿದರೂ ಬಿಡುತ್ತಿರಲಿಲ್ಲ. ಕೆಲಸ ಕಲಿಸಲು ಜಪಾನಿನಿಂದ ಬಂದಿದ್ದ ಸಾತೋ ಅವರು ನಮ್ಮ ಊಟ ಒಗ್ಗದೆ ಸೊರಗಿಹೋಗಿದ್ದರು. ಅವರನ್ನು ಬಸ್ ಸ್ಟ್ಯಾಂಡಿನ ಹಿಂದಿದ್ದ ನಿಮ್ಮ ಮೆಸ್ಸಿಗೆ ಕರೆತಂದವಳೂ ನಾನೇ.

ಅವರು ನಿಮ್ಮ ಒಲೆಯ ಮುಂದೆ ಪ್ಯಾಂಟು ಮಡಿಚಿ ಕೂತು, ಗೋಧಿ ಹಿಟ್ಟು ಕಲಸಿ, ಲಟ್ಟಿಸಿ, ಮಡಿಚಿ, ಚಾಕುವಿನಲ್ಲಿ ಸಣ್ಣ ಎಳೆಗಳಾಗಿ ಕೊಯ್ದು ತೋರಿಸಿದರು. ಅದಕ್ಕೆ ಹಾಕುವ ಸಾರಿನ ಸಾಮಾನು ಇಲ್ಲಿ ಸಿಗುವುದಿಲ್ಲವಂತೆ ಎಂದು ನಾನು ಅವರ ಇಂಗ್ಲಿಷನ್ನು ಬಿಡಿಸಿ ಹೇಳಿದಾಗ ನೀವು ನಕ್ಕಿರಿ. "ಹುರುಳಿ ಕಟ್ಟು ಐತಲ್ಲಮ್ಮಾ, ಇನ್ನೇನು ಬೇಕಂತೆ ಆಯಪ್ಪಂಗೆ?" ಹುರುಳಿ ಬೇಯಿಸಿ ಬಸಿದ ಆ ಕಟ್ಟಿಗೆ ಬೆಳ್ಳುಳ್ಳಿ, ಮೆಣಸು, ಈರುಳ್ಳಿ ಸೊಪ್ಪು ಹಾಕಿ ಕುದಿಸಿ ಬೆಂದ ಎಳೆಗಳ ಮೇಲೆ ಸುರಿದಿರಿ. ಸಾತೋ ಸೊರಸೊರನೆ ಹೀರಿ ಬಟ್ಟಲು ಬರಿದು ಮಾಡಿ, ಎದ್ದು ನಿಂತು, ನಿಮ್ಮ ಮುಂದೆ ಸೊಂಟ ಬಗ್ಗಿಸಿದರು.

ಅವರು ತಮ್ಮ ದೇಶಕ್ಕೆ ಹೋದ ಮೇಲೂ ಆ ಅಡುಗೆ ಜಪಾನ್ ಶಾವಿಗೆ ಎಂಬ ಹೆಸರಿನಲ್ಲಿ ಉಳಿಯಿತು. ಅಗ್ಗ, ಬಿಸಿಬಿಸಿ, ಹೊಟ್ಟೆ ತುಂಬುವಷ್ಟು. ಲಾರಿಯವರು, ಕಾಲೇಜಿನವರು, ಮುಳಬಾಗಿಲಿನಿಂದ ಕೋರ್ಟಿಗೆ ಬಂದವರು — ನಿಮಗೂ ನಿಮ್ಮ ಓರಗಿತ್ತಿ ಪಾರ್ವತಮ್ಮನಿಗೂ ಕೈ ಸಾಲುತ್ತಿರಲಿಲ್ಲ. ರಜದ ದಿನ ನಾನೂ ಒಳಗೆ ಬಂದು ಹಿಟ್ಟು ಕೊಯ್ಯುತ್ತಿದ್ದೆ. ನೆನಪಿಟ್ಟುಕೊಳ್ಳಿ, ಒಳಗೆ ಬರುತ್ತಿದ್ದೆ.

ಒಂದು ಮಧ್ಯಾಹ್ನ ಕಾರ್ಖಾನೆಯಿಂದ ನೇರ ಬಂದು ಒಬ್ಬ ಮೇಷ್ಟ್ರ ಪಕ್ಕ ಕೂತೆ. ಅವರ ಮನೆಯವರು ನಮ್ಮಪ್ಪನ ಹತ್ತಿರ ಸಂಬಂಧದ ಮಾತೆತ್ತಿದ್ದರು. ಅದು ನಿಮಗೆ ಗೊತ್ತಿರಲಿಲ್ಲ. ನೀವು ಸೌಟು ಹಿಡಿದೇ ಕೂಗಿದಿರಿ — "ಶಾರದಾ, ಹಿಂದಿನ ಬೆಂಚಿಗೆ ಹೋಗೇ ತಾಯಿ. ಹುಳದ ವಾಸ್ನೆ ಹೊಡೀತಾ ಐತೆ, ಉಣ್ಣೋರಿಗೆ ಹೊಟ್ಟೆ ತೊಳಸ್ತದೆ." ಎಲ್ಲರೂ ನಕ್ಕರು. ಮೇಷ್ಟ್ರು ನಗಲಿಲ್ಲ. ತಟ್ಟೆಯನ್ನು ಅತ್ತ ಸರಿಸಿಕೊಂಡರು.

ನಿಮ್ಮ ಮಾತಿನಲ್ಲಿ ವಿಷ ಇರಲಿಲ್ಲ. ವಿಷ ಇದ್ದದ್ದು...

ಆ ವಾರ ಮಾಲೂರಿಗೆ ಹೋಗುವ ಬಸ್ಸಿನಲ್ಲಿ ಪಕ್ಕದ ಹೆಂಗಸು ಜಪಾನ್ ಶಾವಿಗೆ ಹೇಗಿರುತ್ತೆ ಎಂದು ಕೇಳಿದಳು. ತಮ್ಮ ಹಳ್ಳಿಯ ಕಡೆ ರೇಷ್ಮೆ ಹುಳವನ್ನು ಬೇಯಿಸಿ ತಿನ್ನುತ್ತಾರೆ ಎಂದು ಸಾತೋ ಒಮ್ಮೆ ನನ್ನಲ್ಲಿ ಸಂಕೋಚದಿಂದ ಹೇಳಿದ್ದರು. ಅದನ್ನೇ ಎತ್ತಿಕೊಂಡೆ. "ಜಪಾನಿನೋರು ರೇಷ್ಮೆ ಹುಳ ತಿಂತಾರೆ, ಗೊತ್ತಾ? ಅಡುಗೆ ಕಲಿಸಿಕೊಟ್ಟೋರು ಅವರೇ. ನಮ್ಮ ಕಾರ್ಖಾನೆ ಹುಳ ಎಲ್ಲಿಗೆ ಹೋಗುತ್ತೆ ಅಂತ ನಾನು ಬಾಯಿಬಿಟ್ಟು ಹೇಳ್ಬೇಕಾ?" ಅವಳು ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ನನಗೆ — ಬರೆಯಲು ಹೇಸಿಗೆಯಾಗುತ್ತದೆ — ಸುಖವಾಯಿತು.

ಹದಿನೈದು ದಿನ ಸಾಕಾಯಿತು. ಮಟಮಟ ಮಧ್ಯಾಹ್ನ ನಿಮ್ಮ ಬಾಗಿಲಲ್ಲಿ ಗುಂಪು ಸೇರಿತ್ತು. ಒಬ್ಬ ಡ್ರೈವರ್ ಗಂಟಲಿಗೆ ಬೆರಳು ಹಾಕಿ ಚರಂಡಿಗೆ ಕಕ್ಕುತ್ತಿದ್ದ. ಯಾರೋ ನಿಮ್ಮ ಹಂಡೆಯನ್ನು ಬೀದಿಗೆ ಬೋರಲು ಹಾಕಿ, ಹರಿದ ಸಾರಿನಲ್ಲಿ ಕಡ್ಡಿ ಆಡಿಸಿ ಹುಳ ಹುಡುಕುತ್ತಿದ್ದರು. ಈರುಳ್ಳಿ ಸೊಪ್ಪಿನ ಚೂರನ್ನು ಎತ್ತಿ ತೋರಿಸಿ ಥೂ ಎಂದರು. ಎದುರು ಬದಿಯಲ್ಲಿ ನಿಂತಿದ್ದ ನನ್ನನ್ನು ಕಂಡು ನಿಮ್ಮ ಮುಖ ಅರಳಿತು.

"ಇವಳನ್ನ ಕೇಳಿ! ಹೇಳೇ ಶಾರದಾ, ನೀನೇ ಕೈಯಾರೆ ಮಾಡಿದ್ದೀಯಲ್ಲ. ಇದರಲ್ಲಿ ಏನೈತೆ ಹೇಳು."

ಎಲ್ಲರೂ ನನ್ನ ಕಡೆ ತಿರುಗಿದರು. ನಾನು ಅಂದೆ — "ನನಗೇನು ಗೊತ್ತು ಅಕ್ಕಾ? ನಾನು ಯಾವತ್ತು ನಿಮ್ಮ ಅಡುಗೆಮನೆಗೆ ಬಂದಿದ್ದೀನಿ?"

ನೀವು ಬೈಯಲಿಲ್ಲ. ಬಗ್ಗಿ ಹಂಡೆ ಎತ್ತಿಕೊಂಡು ಒಳಗೆ ಹೋದಿರಿ. ತಿಂಗಳೊಳಗೆ ಮೆಸ್ಸಿಗೆ ಬೀಗ ಬಿತ್ತು. ನೀವು ಶ್ರೀನಿವಾಸಪುರದ ತಂಗಿಯ ಮನೆ ಸೇರಿದ್ದೀರಿ ಎಂದು ಕೇಳಿದೆ. ಮೇಷ್ಟ್ರ ಸಂಬಂಧವೂ ಕೂಡಿಬರಲಿಲ್ಲ — ಅದನ್ನು ಶಿಕ್ಷೆ ಎಂದುಕೊಂಡು ಸಮಾಧಾನಪಟ್ಟವಳು ನಾನು; ಅದೂ ಒಂದು ನೀಚತನವೇ.

ಐದಾರು ವರ್ಷದ ಮೇಲೆ ಶ್ರೀನಿವಾಸಪುರದ ಮಾವಿನ ಮಂಡಿಯಲ್ಲಿ ನೀವು ಸಿಕ್ಕಿರಿ. ಹುಲ್ಲು ಹಾಸಿದ ಪೆಟ್ಟಿಗೆಗಳಿಗೆ ಕಾಯಿ ಜೋಡಿಸುತ್ತಿದ್ದಿರಿ. ಹೊರಟುಬಿಡೋಣ ಎನ್ನುವಷ್ಟರಲ್ಲಿ ನೀವೇ ಕೂಗಿ ಕರೆದು ಪಕ್ಕ ಕೂರಿಸಿಕೊಂಡು ಹಣ್ಣು ಕೊಯ್ದು ಕೊಟ್ಟಿರಿ. "ಅವತ್ತು ಹೆದರಿಕೊಂಡೆ ಅಲ್ವಾ ನೀನು? ಅಷ್ಟು ಜನರ ಮುಂದೆ ಯಾರಾದ್ರೂ ಹೆದರ್ತಾರೆ ಬಿಡು" ಎಂದಿರಿ. ಆಮೇಲೆ ದನಿ ತಗ್ಗಿಸಿ — "ಆ ಮಾತು ಹುಟ್ಟಿಸಿದೋಳು ನಮ್ಮ ಪಾರ್ವತಿ ಕಣೇ. ಆ ಗಲಾಟೆಗೆ ಮುಂಚೆ ನನ್ನ ಹತ್ರ ಜಗಳ ಆಡ್ಕೊಂಡು ಮೆಸ್ ಬಿಟ್ಟು ಹೋಗಿದ್ಲಲ್ಲ, ಅವಳೇ. ಹೋಳೂರಲ್ಲಿ ಸತ್ತಳಂತೆ, ಹೋದ ವರ್ಷ. ಮಣ್ಣಿಗೂ ನಾನು ಹೋಗಲಿಲ್ಲ."

ಆಗಲಾದರೂ ಹೇಳಬಹುದಿತ್ತು. ಬಾಯಿ ತೆರೆದೆ ಕೂಡ... ತೆರೆದ ಬಾಯಿಗೆ ಹಣ್ಣಿನ ಹೋಳು ಹಾಕಿಕೊಂಡೆ. ರಸ ಮೊಣಕೈವರೆಗೆ ಸೋರಿತು. "ಸಿಹಿ ಐತಾ?" ಎಂದು ಕೇಳಿದಿರಿ. ತಲೆಯಾಡಿಸಿದೆ. ಬಸ್ಸು ಹತ್ತುವ ಮೊದಲು ಗೋಡೆಯ ಮರೆಯಲ್ಲಿ ಅಷ್ಟನ್ನೂ ವಾಂತಿ ಮಾಡಿಕೊಂಡೆ. ಹಣ್ಣು ಕೆಟ್ಟಿರಲಿಲ್ಲ, ರತ್ನಕ್ಕಾ.

ಪಾರ್ವತಮ್ಮನ ಮಗಳು ಹೋಳೂರಿನಲ್ಲೇ ಇದ್ದಾಳಂತೆ. ಮೊದಲು ಅವಳ ಮನೆಗೆ ಹೋಗಿ, ನಿನ್ನ ತಾಯಿ ಆ ಮಾತು ಆಡಿದವಳಲ್ಲ ಎಂದು ಹೇಳುತ್ತೇನೆ. ಅಲ್ಲಿಂದ ಶ್ರೀನಿವಾಸಪುರಕ್ಕೆ ಬಂದು ಈ ಕಾಗದವನ್ನು ನಿಮ್ಮೆದುರು ನಾನೇ ಓದುತ್ತೇನೆ. ನಿಮ್ಮ ತಂಗಿಯ ಮನೆಯವರೂ ಕೇಳಲಿ. ಓದಿ ಮುಗಿಯುವವರೆಗೆ ನನ್ನನ್ನು ಒಳಗೆ ಕರೆಯಬೇಡಿ. ಮುಗಿದ ಮೇಲೆ ನೀವು ಕರೆಯುವುದಿಲ್ಲ — ಅದು ನನಗೆ ಗೊತ್ತು.