ಐದು ಔಷಧಿಗೆ ಅಂಜದ ಕ್ರಿಮಿ

ಅದೇ ಗೆಳೆಯರೇ, ಮೊಮ್ಮಗಳು ಚಿನ್ನುವಿನ ರಕ್ತಭೇದಿ ಎರಡು ಔಷಧಿಗೂ ಬಗ್ಗಲಿಲ್ಲ ಎಂದು ಹೋದ ಸಲ ಬರೆದಿದ್ದೆನಲ್ಲ, ಇವತ್ತು ಬೆಳಿಗ್ಗೆ ಕಾಂದಿವಲಿಯ ಲ್ಯಾಬಿಗೆ ರಿಪೋರ್ಟ್ ತರಲು ಹೋದೆ. ಅಲ್ಲಿ ಕೆಲಸ ಮಾಡುವ ಧಾರವಾಡದ ಹುಡುಗಿ ಒಂದು ಗಾಜಿನ ತಟ್ಟೆ ತೋರಿಸಿದಳು. ಮಗುವಿನ ಹೊಟ್ಟೆಯ ಕ್ರಿಮಿ ಅದರ ತುಂಬ ಮಂಜಿನಂತೆ ಬೆಳೆದಿತ್ತು. ನಡುವೆ ಆರು ಔಷಧಿಗಳಲ್ಲಿ ಅದ್ದಿದ ಆರು ಕಾಗದದ ಬಿಲ್ಲೆಗಳು. ಐದರ ಅಂಚಿನವರೆಗೂ ಕ್ರಿಮಿ ಆರಾಮಾಗಿ ಬಂದು ಕೂತಿದೆ! ಒಂದರ ಸುತ್ತ ಮಾತ್ರ ಖಾಲಿ ವೃತ್ತ; ಅದೊಂದಕ್ಕೇ ಕ್ರಿಮಿ ಅಂಜಿದೆ. ಜೀವಿಗಳ ಉಳಿವಿನ ಹೋರಾಟದ ಬಗ್ಗೆ ಕಾಲೇಜಿನಲ್ಲಿ ಓದಿದ್ದೆ, ‘ಸ್ಟ್ರಗಲ್ ಫಾರ್’ ಏನೋ, ಮುಂದಿನದು ಮರೆತಿದೆ.

“ಕಾಕಾ, ಹೋದ ಮಳಿಗಾಲದಾಗೂ ಭೇದಿ ಆಗಿತ್ತಂದ್ರಲ್ಲ, ಆಗ ಔಷಧ ಪೂರಾ ಕುಡಿಸಿದ್ರಿ?”

“ಎರಡ ದಿನದಾಗ ಭೇದಿ ನಿಂತಿತ್ತವ್ವಾ. ಉಳಿದದ್ದು ಬಾಜೂ ಖೋಲಿ ಕೂಸಿಗೆ ಕೊಟ್ಟಿವಿ. ನಮ್ಮ ಚಾಳಿನಾಗ ಹಂಗ.”

“ಅಂದ್ರ ಕ್ರಿಮಿಗೆ ನೀವ ಟ್ರೇನಿಂಗ್ ಕೊಟ್ಟೀರಿ, ಬಿಡ್ರಿ!”

ನಾಚಿಕೆಯಾಯಿತು. ಹೆಂಡತಿ ಇದ್ದಿದ್ದರೆ ಬಾಟಲಿ ಮುಗಿಯುವವರೆಗೆ ಬಿಡುತ್ತಿರಲಿಲ್ಲ. ಆದರೂ ಎಂಥ ಬೆರಗು! ಕಣ್ಣಿಗೆ ಕಾಣದ ಜೀವ ಒಂದೇ ವರ್ಷದಲ್ಲಿ ಇಷ್ಟು ಕಲಿತಿದೆ. ನನಗೆ ಕಾಲೇಜಿನ ನಾಲ್ಕು ವರ್ಷದಲ್ಲಿ ಇಂಗ್ಲಿಷ್ ಬರಲಿಲ್ಲ.

ಆ ಒಂದು ಬಿಲ್ಲೆಯ ಔಷಧಿಯ ಇಂಜೆಕ್ಷನ್ ಮಧ್ಯಾಹ್ನವೇ ಶುರುವಾಗಿದೆ. ಈ ಸಲ ಕೋರ್ಸ್ ಪೂರ್ತಿ. ಅರೆ, ಬೆಳಕು ಹೋಗುತ್ತಿದೆ, ಎರಡನೇ ಸೂಜಿಯ ಹೊತ್ತಾಯಿತು. ಚಿನ್ನು ಚಾಳೆಲ್ಲ ಕೇಳುವಂತೆ ಕಿರುಚಲಿ; ಅಷ್ಟು ಶಕ್ತಿ ಬಂದರೆ ನನಗೆ ಅದೇ ರಿಪೋರ್ಟ್.