ಮೈಕ್ ಗಾಳೆಪ್ಪ ಕೇಳಿಸಿಕೊಂಡದ್ದೇನು?

ಅದಕ್ಕೇ ಹೇಳಿದ್ದು, ಟಿವಿಯಲ್ಲಿ ಕಾಣುವವರ ಒಳಗಿನ ಸುದ್ದಿ ಗೊತ್ತಿರುವುದು ಮೇಕಪ್‌ನವರಿಗಲ್ಲ, ಡ್ರೈವರ್‌ಗಳಿಗೂ ಅಲ್ಲ, ನಮ್ಮ ಮಲಪನಗುಡಿಯ ಗಾಳೆಪ್ಪ ಮಾವನಿಗೆ. ಹಂಪಿಗೆ ಸೀರಿಯಲ್‌ನವರು ಬರಲಿ, ರಿಯಾಲಿಟಿ ಶೋನವರು ಬರಲಿ, ನಟರ ಅಂಗಿಗೆ ಕಾಲರ್ ಮೈಕ್ ಸಿಕ್ಕಿಸುವವರು ಇವರೇ. ಮೊದಲು ದೋಣಿಮಲೈ ಗಣಿ ಕ್ವಾರ್ಟರ್ಸ್‌ನ ಮದುವೆಗಳಿಗೆ ಮೈಕ್ ಸೆಟ್ ಕಟ್ಟುತ್ತಿದ್ದರು. ಈಗ ನಾವು ಯಾರನ್ನು ನೋಡಿ ಚೀರುತ್ತೇವೋ ಅವರ ಎದೆಬಡಿತವನ್ನು ಹೆಡ್‌ಫೋನಿನಲ್ಲಿ ಕೇಳುತ್ತಾರೆ. ಡೈಲಾಗಿಗೆ ಮುಂಚೆ ದೊಡ್ಡ ದೊಡ್ಡ ನಟರಿಗೂ ಎದೆ ಡವಡವ ಅನ್ನುತ್ತದಂತೆ. ಯಾರಿಗೆ ಅಂತ ಮಾತ್ರ ಹೇಳುವುದಿಲ್ಲ. ಸೆಲ್ಫಿಯೂ ಇಲ್ಲ, ಇರುವುದು ಬಟನ್ ಫೋನು. ಇಷ್ಟು ವರ್ಷ ಸ್ಟಾರ್‌ಗಳ ಜೊತೆಗಿದ್ದವರ ಬಾಯಿಂದ ಒಂದು ಸುದ್ದಿಯೂ ಬೀಳುವುದಿಲ್ಲ ಅಂದರೆ ನೀವು ನಂಬುತ್ತೀರಾ? ನನಗಂತೂ ಅನುಮಾನ.

ಕಳೆದ ಚಳಿಗಾಲ ಹಂಪಿ ಬಜಾರಿನಲ್ಲಿ ಒಂದು ಸೀರಿಯಲ್ ಶೂಟಿಂಗ್ ಇತ್ತು. ಹೀರೋ ಯಾರು ಗೊತ್ತೇ? ಭಾರ್ಗವ್! ಅವನಿಗಾಗಿ ನಾನು ಒಂದು ಎಪಿಸೋಡೂ ತಪ್ಪಿಸಿದವಳಲ್ಲ. ಮಾವನಿಗೆ ಬುತ್ತಿ ಕೊಡುವ ನೆಪದಲ್ಲಿ ಹಗ್ಗ ದಾಟಿ ಅವರ ಮೇಜಿನ ಪಕ್ಕವೇ ಹೋಗಿ ಕೂತೆ.

ಆದರೆ ಸೆಟ್ಟಿನಲ್ಲಿ ಅಂದು ಯಾರೂ ನಗುತ್ತಿರಲಿಲ್ಲ. ಹೀರೋಯಿನ್ ಪಾತ್ರ ಸಾಯುತ್ತದೆ ಎಂಬ ಗುಟ್ಟು ಹಿಂದಿನ ದಿನ ಹೇಗೋ ಹೊರಬಿದ್ದು, ಬೆಳಗಾಗುವುದರೊಳಗೆ ಫ್ಯಾನ್ ಪೇಜುಗಳಲ್ಲೆಲ್ಲ ಓಡಾಡುತ್ತಿತ್ತು. ಮ್ಯಾನೇಜರ್ ಮನೋಹರ್ ಕೆಲಸದವರ ಮೊಬೈಲುಗಳನ್ನೆಲ್ಲ ಇಸಿದುಕೊಂಡು ತಡಕಾಡಿದ. ಏನೂ ಸಿಗಲಿಲ್ಲ. ಕೊನೆಗೆ ಕಣ್ಣು ಬಿದ್ದದ್ದು ಮಾವನ ಮೇಲೆ. ಎಲ್ಲರ ಮಾತೂ ಕಿವಿಗೆ ಬೀಳುವುದು ಇವರೊಬ್ಬರಿಗೇ ತಾನೆ?

"ಯಾರಿಗೆ ಹೇಳಿದೆ ಅಂತ ಸಂಜೆಯೊಳಗೆ ಒಪ್ಕೋ," ಎಂದ. "ಇಲ್ಲಾಂದ್ರೆ ಇಲ್ಲಿಗೆ ಬರೋ ಯಾವ ಟೀಮೂ ನಿನ್ನ ಕರೆಯಲ್ಲ. ನಾನೇ ಎಲ್ಲರಿಗೂ ಹೇಳ್ತೀನಿ."

"ನಾ ಯಾರಿಗೂ ಹೇಳಿಲ್ರಿ ಸಾರ್," ಎಂದರು ಮಾವ. ಅಷ್ಟೇ.

ಆಮೇಲೆ ಲೈಟಿನವರು ಅವರ ಹತ್ತಿರ ಬಂದಾಗ ಮಾತು ನಿಲ್ಲಿಸುತ್ತಿದ್ದರು. ಚಹಾದ ತಟ್ಟೆ ಅವರನ್ನು ದಾಟಿಕೊಂಡು ಹೋಯಿತು. ಸುಳ್ಳು ಯಾಕೆ ಹೇಳಲಿ, ನನಗೂ ಅವರ ಮೇಲೆಯೇ ಗುಮಾನಿ. ಅಂಥ ಸುದ್ದಿ ನನ್ನ ಕಿವಿಗೆ ಬಿದ್ದಿದ್ದರೆ ಬಸ್ಸು ಹತ್ತುವ ಮೊದಲೇ ಊರಿಗೆಲ್ಲ ಹಂಚಿರುತ್ತಿದ್ದೆ.

ಮುಂದಿನ ಶಾಟಿಗೆ ಮೈಕ್ ಹಾಕಿಸಿಕೊಳ್ಳಲು ಭಾರ್ಗವ್ ಬಂದ. ಮಾವನನ್ನು ಕೆಳಗಿನಿಂದ ಮೇಲಕ್ಕೆ ನೋಡಿ, ಇಂಥವರನ್ನು ಇನ್ನೂ ಯಾಕೆ ಇಟ್ಟುಕೊಂಡಿದ್ದೀರಿ ಎಂದು ಮನೋಹರ್‌ನನ್ನು ಕೇಳಿದ. ಮಾವ ತಲೆ ಎತ್ತಲಿಲ್ಲ. ಅವನ ಸೊಂಟದ ಹಿಂದೆ ಮೈಕಿನ ಡಬ್ಬಿ ಸಿಕ್ಕಿಸುತ್ತಾ, ದಿನಾ ಹೇಳುವ ಮಾತಿನಂತೆ ಹೇಳಿದರು:

"ಸಾರ್, ನಿನ್ನಿ ಊಟಕ್ಕ ಬಿಟ್ಟಾಗ ಡಬ್ಬಿ ಬಂದ್ ಮಾಡಾಕ ನಾ ಬರೋದ್ರಾಗ, ನೀವು ಫೋನ್ ಹಿಡ್ಕೊಂಡು ಮಂಟಪದ ಹಿಂದ ಹೋಗಿಬಿಟ್ರಿ. ಊಟ ಮುಗಿಯೋತನಕ ಮೈಕ್ ಚಾಲೂನ ಇತ್ರಿ. ಬ್ಯಾಟ್ರಿ ಪೂರಾ ಇಳಿದಿತ್ತು. ಇವತ್ತು ಬಂದ್ ಮಾಡಿಸ್ಕೊಂಡು ಹೋಗ್ರಿ."

ಭಾರ್ಗವ್‌ನ ಕೈ ತಾನಾಗಿಯೇ ಕಾಲರಿಗೆ ಹೋಯಿತು. ಹೆಡ್‌ಫೋನ್ ನೋಡಿದ, ಮಾವನನ್ನು ನೋಡಿದ. ಅಷ್ಟು ದಪ್ಪ ಮೇಕಪ್ಪಿನಡಿಯೂ ಮುಖ ಬಿಳಿಚಿಕೊಳ್ಳುತ್ತದೆ ಎಂದು ಅವತ್ತೇ ನನಗೆ ಗೊತ್ತಾದದ್ದು. ಮನೋಹರ್‌ನನ್ನು ತೋಳು ಹಿಡಿದು ಮಂಟಪದ ಹಿಂದಕ್ಕೆ ಕರೆದುಕೊಂಡು ಹೋದ. ನಾನು ಮೆಲ್ಲಗೆ ಹೆಡ್‌ಫೋನಿಗೆ ಕೈ ಚಾಚಿದೆ. ಅವನು ಹೊರಡುವ ಮೊದಲೇ ಮಾವ ಅವನ ಸೊಂಟದ ಡಬ್ಬಿ ಬಂದ್ ಮಾಡಿಬಿಟ್ಟಿದ್ದರು!

ತಿರುಗಿ ಬಂದ ಮನೋಹರ್, "ಸರಿ ಗಾಳೆಪ್ಪ, ಕೆಲಸ ನೋಡು," ಎಂದ. ತಪ್ಪಾಯಿತು ಅನ್ನಲಿಲ್ಲ. ಗುಟ್ಟು ಹೊರಬಿಟ್ಟವರು ಯಾರೆಂದು ಮತ್ತೆ ಯಾರನ್ನೂ ಕೇಳಲೂ ಇಲ್ಲ. ಭಾರ್ಗವ್ ಮಾತ್ರ ಆಮೇಲೆ ಪ್ರತಿ ಶಾಟ್ ಮುಗಿದ ಕೂಡಲೇ ತಾನೇ ಮೈಕ್ ಕಳಚಿ ಮಾವನ ಕೈಗಿಟ್ಟು, ಅವರ ಮುಖವನ್ನೇ ದಿಟ್ಟಿಸಿ ಹೋಗುತ್ತಿದ್ದ. ಮಾವನಿಗೆ ಈಗಲೂ ಶೂಟಿಂಗಿಗೆ ಕರೆ ಬರುತ್ತದೆ.

ಊರಿಗೆ ಬರುವ ಬಸ್ಸಿನಲ್ಲಿ ನಾನು ಬಿಡಲಿಲ್ಲ. "ಮಾವ, ಖರೇ ಹೇಳು. ಅವನ ಫೋನ್ ಮಾತು ನೀ ಕೇಳಿಸ್ಕೊಂಡಿ ಹೌದಲ್ಲ? ಬೇಕಂತಾನ ಅವನ್ನ ಅಂಜಿಸಿದಿ?"

"ಬ್ಯಾಟ್ರಿ ಇಳಿದಿತ್ತವ್ವಾ, ಹೇಳಿದೆ," ಎಂದು ಕಿಟಕಿಯ ಕಡೆ ತಿರುಗಿದರು.

ಇಷ್ಟು ದಿನವಾದರೂ ನನಗೆ ನಂಬಿಕೆ ಬಂದಿಲ್ಲ. ನೀವೇ ಒಮ್ಮೆ ಮಲಪನಗುಡಿಗೆ ಹೋಗಿ. ಹಳೆಯ ಮೆಟ್ಟಿಲುಬಾವಿಯ ಹತ್ತಿರ ಮೈಕ್ ಗಾಳೆಪ್ಪ ಎಂದರೆ ಯಾರಾದರೂ ಮನೆ ತೋರಿಸುತ್ತಾರೆ. ಶೂಟಿಂಗ್ ಇಲ್ಲದ ದಿನ ಕಟ್ಟೆಯ ಮೇಲೆ ವೈರು ಬಿಡಿಸುತ್ತಾ ಕೂತಿರುತ್ತಾರೆ. ಪಕ್ಕದಲ್ಲಿ ಕೂತು, ಆ ಊಟದ ಹೊತ್ತಿನಲ್ಲಿ ಏನು ಕೇಳಿಸಿತು ಎಂದು ಮುಖ ನೋಡುತ್ತಲೇ ಕೇಳಿ.